ತೊಳೆದ ಲಾರಿ ಬೇಗ ಒಣಗಬೇಕಾದರೆ ಮೊದಲು ಹಿಂಡಬೇಕು

ಆಯುಧಪೂಜೆಯ ಹಿಂದಿನ ದಿನ ಹೆದ್ದಾರಿ ಬದಿಯ ಯಾವುದಾದರೂ ವಾಟರ್ ಸರ್ವೀಸ್ ಮುಂದೆ ನಿಂತು ನೋಡಿ. ಲಾರಿಗಳ ಸಾಲು ರಸ್ತೆವರೆಗೂ ಬಂದಿರುತ್ತದೆ. ನೊರೆ ಹೊಡೆದು, ಉಜ್ಜಿ, ಪ್ರೆಶರ್ ಗನ್ನಿನಲ್ಲಿ ನೀರು ಬಿಟ್ಟು ಒಂದು ಲಾರಿ ತೊಳೆಯಲು ಒಂದು ಗಂಟೆ ಸಾಕು. ಆಮೇಲೆ ಶುರುವಾಗುವುದೇ ಕಾಯುವ ಕೆಲಸ. ಒಣಗದೆ ಕುಂಕುಮ ನಿಲ್ಲುವುದಿಲ್ಲ, ಸ್ಟಿಕ್ಕರ್ ಅಂಟುವುದಿಲ್ಲ, ಲೋಡ್ ಹಾಕಲು ಗೋದಾಮಿನವರು ಒಪ್ಪುವುದಿಲ್ಲ.

ಹೋದ ವರ್ಷ ತುಮಕೂರು ರಸ್ತೆಯ ಒಂದು ಕಡೆ ಹೀಗೇ ನಿಂತು ನೋಡುತ್ತಿದ್ದೆ. ಒಬ್ಬ ಡ್ರೈವರ್ ಮುಂದಿನ ಗಾಜಿನ ಕೆಳಗೆ ಮೂರು ಬೆರಳಲ್ಲಿ ವಿಭೂತಿ ಎಳೆದರು. ಕನ್ನಡಿಯ ಕಂಬಿಯಿಂದ ಒಂದು ಹನಿ ಜಾರಿ ಬಂದು ಮೂರು ಗೆರೆಯನ್ನೂ ಕಲಸಿಕೊಂಡು ಕೆಳಗಿಳಿಯಿತು. ಅವರು ಒರೆಸಿ ಮತ್ತೆ ಎಳೆದರು. ಐದು ನಿಮಿಷಕ್ಕೆ ಮತ್ತೊಂದು ಹನಿ ಬಂತು. ಲಾರಿ ನೋಡಲು ಒಣಗಿತ್ತು. ಆದರೆ ನೀರು ಇನ್ನೂ ಅದರೊಳಗೆಲ್ಲೋ ಕೂತಿತ್ತು.

ಲಾರಿ ನಿಮ್ಮದಲ್ಲದಿದ್ದರೂ ಈ ವಿಷಯ ನಿಮಗೆ ಸೇರಿದ್ದೇ. ನಿಮ್ಮ ಮನೆಗೆ ಬರುವ ಅಡುಗೆ ಎಣ್ಣೆ, ಸಕ್ಕರೆ, ಅಕ್ಕಿ, ಸಿಮೆಂಟು ಎಲ್ಲವೂ ಲಾರಿಯಲ್ಲೇ ಬರಬೇಕು. ಒದ್ದೆ ಬಾಡಿಯಲ್ಲಿ ಹೇರಿದ ಮಾಲು ಹೇಗಿರುತ್ತದೆ ಅಂತ ಹೇಳಬೇಕಾಗಿಲ್ಲ ಅಲ್ವಾ? ಹಾಗಾಗಿ ದೊಡ್ಡ ಲಾರಿಯನ್ನು ಬೇಗ ಒಣಗಿಸುವುದು ಹೇಗೆ, ಅದರ ಹಿಂದಿನ ವಿಜ್ಞಾನ ಏನು ಅಂತ ಬುಡದಿಂದ ನೋಡೋಣ.

## ಒಣಗುವುದು ಅಂದರೆ ಏನು?

ಒದ್ದೆ ಸೀರೆಯನ್ನು ಯಾರೂ ಬಕೆಟ್ಟಿನಿಂದ ಎತ್ತಿ ನೇರ ಹಗ್ಗಕ್ಕೆ ಹಾಕುವುದಿಲ್ಲ. ಮೊದಲು ಹಿಂಡುತ್ತೇವೆ, ಆಮೇಲೆ ಕೊಡವುತ್ತೇವೆ, ಕೊನೆಗೆ ಒಣಹಾಕುತ್ತೇವೆ. ಇಲ್ಲಿ ನೀರು ಎರಡು ದಾರಿಯಲ್ಲಿ ಹೋಗುತ್ತದೆ. ಹಿಂಡಿದಾಗ, ಕೊಡವಿದಾಗ ನೀರು ನೀರಾಗಿಯೇ ಬಿದ್ದುಹೋಗುತ್ತದೆ. ಹಗ್ಗದ ಮೇಲೆ ಉಳಿದದ್ದು ಆವಿಯಾಗಿ ಹೋಗುತ್ತದೆ.

ಲಾರಿಗೂ ಇವೆರಡೇ ದಾರಿ. ಒರೆಸುವುದು, ವೈಪರ್ ಎಳೆಯುವುದು, ಗಾಳಿ ಹೊಡೆದು ಹನಿ ಓಡಿಸುವುದು, ಇವೆಲ್ಲ ಹಿಂಡುವ ಲೆಕ್ಕ. ಬಿಸಿಲು, ಹೀಟರ್, ಸುಮ್ನೆ ನಿಲ್ಲಿಸಿ ಬಿಡುವುದು, ಇವು ಒಣಹಾಕುವ ಲೆಕ್ಕ. ಬೇಗ ಒಣಗಿಸುವ ಗುಟ್ಟೆಲ್ಲ ಇರುವುದು ಮೊದಲನೆಯ ದಾರಿಯಲ್ಲಿ. ಯಾಕೆ ಅಂತ ತಿಳಿಯಲು ಅಡುಗೆಮನೆಗೆ ಹೋಗಬೇಕು.

ಒಲೆಯ ಮೇಲೆ ಸಾರು ಕುದಿ ಬರುವುದು ಬೇಗ. ಅದೇ ಸಾರು ಬತ್ತಲು ಎಷ್ಟು ಹೊತ್ತು ಬೇಕು ನೋಡಿ. 25 ಡಿಗ್ರಿಯ ಒಂದು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಬೇಕಾಗುವ ಶಾಖ ಸುಮಾರು 314 ಕಿಲೋಜೌಲ್. ಕುದಿಯುತ್ತಿರುವ ಅದೇ ನೀರನ್ನು ಪೂರ್ತಿ ಆವಿ ಮಾಡಲು ಸುಮಾರು 2260 ಕಿಲೋಜೌಲ್ ಬೇಕು. ಏಳು ಪಟ್ಟು ಜಾಸ್ತಿ. ಕುದಿಸದೆ ಮಾಮೂಲಿ ಗಾಳಿಯಲ್ಲಿ ಆರಿಸಿದರೂ ಇದು ತಪ್ಪುವುದಿಲ್ಲ. 25 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಆರಬೇಕಾದರೆ ಸುಮಾರು 2440 ಕಿಲೋಜೌಲ್ ಶಾಖ ಬೇಕು. ಕರೆಂಟಿನ ಲೆಕ್ಕದಲ್ಲಿ ಸುಮಾರು 0.68 ಯೂನಿಟ್.

ಈ ಶಾಖ ಎಲ್ಲಿಂದ ಬರುತ್ತದೆ? ಸುತ್ತಲಿನ ಗಾಳಿಯಿಂದ, ಬಿಸಿಲಿನಿಂದ, ಲಾರಿಯ ತಗಡಿನಿಂದ. ಮಣ್ಣಿನ ಮಡಕೆಯಲ್ಲಿ ನೀರು ತಣ್ಣಗಾಗುವುದು ಇದೇ ಕಾರಣಕ್ಕೆ. ಮಡಕೆಯ ಹೊರಮೈಯಲ್ಲಿ ಜಿನುಗಿದ ನೀರು ಆರುವಾಗ ಒಳಗಿನ ಶಾಖ ಎಳೆದುಕೊಳ್ಳುತ್ತದೆ. ಒದ್ದೆ ಲಾರಿಯೂ ಆರುತ್ತಾ ಆರುತ್ತಾ ತಣ್ಣಗಾಗುತ್ತದೆ. ತಣ್ಣಗಾದಷ್ಟೂ ಆರುವುದು ನಿಧಾನವಾಗುತ್ತದೆ. ನೆರಳಲ್ಲಿ ನಿಲ್ಲಿಸಿದ ಲಾರಿ ಗಂಟೆಗಟ್ಟಲೆ ಒದ್ದೆಯಾಗೇ ಇರುವುದಕ್ಕೆ ಇದೊಂದು ಮುಖ್ಯ ಕಾರಣ.

## ಒಂದು ಲಾರಿಯ ಮೇಲೆ ಎಷ್ಟು ನೀರು?

32 ಅಡಿ ಕಂಟೇನರ್ ಲಾರಿಯನ್ನು ತೆಗೆದುಕೊಳ್ಳೋಣ. ಅಗಲ, ಎತ್ತರ ಎರಡೂ ಸುಮಾರು 8 ಅಡಿ. ಎರಡು ಪಕ್ಕ ಸೇರಿ 512 ಚದರ ಅಡಿ. ಮೇಲ್ಛಾವಣಿ 256. ಹಿಂದಿನ ಬಾಗಿಲು 64. ಒಟ್ಟು 832 ಚದರ ಅಡಿ, ಅಂದರೆ ಸುಮಾರು 77 ಚದರ ಮೀಟರ್. ಕ್ಯಾಬಿನ್ನಿನ ಮುಂಭಾಗವನ್ನೂ ಸ್ವಲ್ಪ ಸೇರಿಸಿದರೆ 80 ಅಂತ ಇಟ್ಟುಕೊಳ್ಳಬಹುದು. 20 ಅಡಿಗೆ 43 ಅಡಿಯ ಒಂದು ಮನೆಯ ನೆಲ ಎಷ್ಟಿರುತ್ತದೋ ಅಷ್ಟು.

ತೊಳೆದ ಮೇಲೆ ಇದರ ಮೇಲೆ ಬರೀ 0.1 ಮಿಲಿಮೀಟರ್ ದಪ್ಪದ ನೀರಿನ ಪೊರೆ ಉಳಿದಿದೆ ಅಂದುಕೊಳ್ಳಿ. ಒಂದು ಹಾಳೆ ಕಾಗದದ ದಪ್ಪ. ಆದರೂ ಒಟ್ಟು ನೀರು 8 ಲೀಟರ್ ಆಯಿತು! ಅದನ್ನೆಲ್ಲ ಆವಿ ಮಾಡಬೇಕಾದರೆ ಸುಮಾರು 5.4 ಯೂನಿಟ್ ಕರೆಂಟಿನಷ್ಟು ಶಾಖ ಬೇಕು. ಹೀಟರ್ ಇಟ್ಟರೆ ಅದರ ಶಾಖದಲ್ಲಿ ಬಹುಪಾಲು ಬಯಲಿಗೆ ಹೋಗುತ್ತದೆ, ಹಾಗಾಗಿ ನಿಜವಾದ ಖರ್ಚು ಇನ್ನೂ ಜಾಸ್ತಿ.

ಇದೇ 8 ಲೀಟರನ್ನು ಗಾಳಿಯಿಂದ ತಳ್ಳಿದರೆ? 10 ಎಚ್‌ಪಿಯ ಎರಡು ಬ್ಲೋವರ್ 5 ನಿಮಿಷ ಓಡಿದರೆ ತಗಲುವ ಕರೆಂಟು ಸುಮಾರು 1.25 ಯೂನಿಟ್. ವೈಪರ್ ಎಳೆದರೆ ಕರೆಂಟೇ ಬೇಡ. ನೀರನ್ನು ಆವಿ ಮಾಡುವುದಕ್ಕೂ, ಜಾರಿಸಿ ಬೀಳಿಸುವುದಕ್ಕೂ ಇರುವ ವ್ಯತ್ಯಾಸ ಇಷ್ಟು.

ಛಾವಣಿಯ ವಿಷಯ ಬೇರೆಯೇ ಹೇಳಬೇಕು. ಪಕ್ಕದ ಗೋಡೆಯಿಂದ ನೀರು ಇಳಿದುಹೋಗುತ್ತದೆ. ಛಾವಣಿಯಲ್ಲಿ ತಗಡು ಸ್ವಲ್ಪ ತಗ್ಗಾದರೂ ನೀರು ಅಲ್ಲೇ ನಿಲ್ಲುತ್ತದೆ. 256 ಚದರ ಅಡಿಯ ಛಾವಣಿಯ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಸುಮಾರು 24 ಲೀಟರ್. ಎರಡು ಬಕೆಟ್‌ಗೆ ಹತ್ತಿರ. ಕೆಳಗೆ ನಿಂತವರಿಗೆ ಇದು ಕಾಣುವುದೇ ಇಲ್ಲ. ಲಾರಿ ಹೊರಟು ಮೊದಲನೇ ಸಿಗ್ನಲ್ಲಿನಲ್ಲಿ ಬ್ರೇಕ್ ಹಾಕಿದಾಗ ಧಡ್ ಅಂತ ಕ್ಯಾಬಿನ್ ಮೇಲೆ ಸುರಿಯುವ ನೀರು ಇದೇ.

## ಬಿಸಿಲಿಗೆ ಬಿಟ್ಟರೆ ಸಾಲದೇ?

ಒಂದೊಂದು ಊರಲ್ಲಿ ಸಾಕು, ಒಂದೊಂದು ಊರಲ್ಲಿ ಸಾಲದು.

ಗಾಳಿಯನ್ನು ಒಂದು ಸ್ಪಂಜು ಅಂದುಕೊಳ್ಳಿ. ಬಿಸಿ ಆದಷ್ಟೂ ಈ ಸ್ಪಂಜು ದೊಡ್ಡದಾಗುತ್ತದೆ. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 17 ಗ್ರಾಂ ನೀರಾವಿ ಹಿಡಿದುಕೊಳ್ಳುತ್ತದೆ. 30 ಡಿಗ್ರಿಯಲ್ಲಿ 30 ಗ್ರಾಂ. 40 ಡಿಗ್ರಿಯಲ್ಲಿ 51 ಗ್ರಾಂ. ಸ್ಪಂಜಿನಲ್ಲಿ ಈಗಾಗಲೇ ಎಷ್ಟು ಭಾಗ ತುಂಬಿದೆ ಅನ್ನುವುದನ್ನೇ ಹವಾಮಾನ ವರದಿಯಲ್ಲಿ ತೇವಾಂಶ ಇಷ್ಟು ಶೇಕಡಾ ಅಂತ ಹೇಳುವುದು.

ಏಪ್ರಿಲ್ ಮಧ್ಯಾಹ್ನ ರಾಯಚೂರಿನಲ್ಲಿ 40 ಡಿಗ್ರಿ ಬಿಸಿ, ತೇವಾಂಶ ಶೇ 20 ಇದೆ ಅನ್ನಿ. ಸ್ಪಂಜಿನಲ್ಲಿ ಇನ್ನೂ 41 ಗ್ರಾಂಗೆ ಜಾಗ ಇದೆ. ಜುಲೈನಲ್ಲಿ ಮಂಗಳೂರಿನಲ್ಲಿ 27 ಡಿಗ್ರಿ, ತೇವಾಂಶ ಶೇ 90 ಅನ್ನಿ. ಅಲ್ಲಿ ಉಳಿದಿರುವ ಜಾಗ ಎರಡೂವರೆ ಗ್ರಾಂ ಅಷ್ಟೆ. ಹದಿನಾರು ಪಟ್ಟು ವ್ಯತ್ಯಾಸ. ರಾಯಚೂರಿನ ಡ್ರೈವರ್ ಚಹಾ ಕುಡಿದು ಬರುವಷ್ಟರಲ್ಲಿ ಲಾರಿ ಒಣಗಿರುತ್ತದೆ. ಮಂಗಳೂರಿನವರು ಊಟ ಮುಗಿಸಿ ಬಂದರೂ ಹಾಗೇ ಇರುತ್ತದೆ. ಆಯುಧಪೂಜೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಮಳೆಗಾಲ ಪೂರ್ತಿ ಹೋಗಿರುವುದಿಲ್ಲ, ಸ್ಪಂಜು ಅರ್ಧಕ್ಕಿಂತ ಜಾಸ್ತಿ ತುಂಬಿರುತ್ತದೆ.

ಸಂಜೆ ತೊಳೆಯುವುದರಲ್ಲಿ ಇನ್ನೊಂದು ತೊಂದರೆ ಇದೆ. ಸೂರ್ಯ ಮುಳುಗಿದ ಮೇಲೆ ತಗಡು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಅದಕ್ಕೆ ತಗುಲಿದ ಗಾಳಿಯ ಸ್ಪಂಜು ಚಿಕ್ಕದಾಗಿ, ಹಿಡಿದಿದ್ದ ನೀರನ್ನು ಅಲ್ಲೇ ಬಿಟ್ಟುಬಿಡುತ್ತದೆ. ಇದೇ ಇಬ್ಬನಿ. ಚಳಿಗಾಲದಲ್ಲಿ ರಾತ್ರಿ ಒಂಬತ್ತಕ್ಕೆ ತೊಳೆದು ನಿಲ್ಲಿಸಿದ ಲಾರಿ ಬೆಳಿಗ್ಗೆ ಇನ್ನೂ ಜಾಸ್ತಿ ಒದ್ದೆಯಾಗಿದ್ದರೆ ಆಶ್ಚರ್ಯ ಇಲ್ಲ.

ಓಡಿಸಿಕೊಂಡು ಹೋದರೆ ಗಾಳಿಗೆ ಒಣಗುತ್ತದೆ ಅನ್ನುವವರೂ ಇದ್ದಾರೆ. ನಿಜ, ಗಂಟೆಗೆ 60 ಕಿಲೋಮೀಟರ್ ಓಡುವ ಲಾರಿಗೆ ಸೆಕೆಂಡಿಗೆ ಸುಮಾರು 17 ಮೀಟರ್ ವೇಗದ ಗಾಳಿ ಬಡಿಯುತ್ತದೆ. ಮುಂಭಾಗ, ಪಕ್ಕಗಳು ಬೇಗ ಆರುತ್ತವೆ. ಹಿಂದಿನ ಬಾಗಿಲಿನ ಕಥೆ ಬೇರೆ. ಚೌಕ ಬಾಡಿಯ ಹಿಂದೆ ಗಾಳಿ ಸುಳಿ ಸುತ್ತುತ್ತದೆ, ಅಲ್ಲಿ ಒತ್ತಡ ಕಡಿಮೆ. ಚಕ್ರ ಎಬ್ಬಿಸಿದ ಧೂಳೆಲ್ಲ ಆ ಸುಳಿಗೆ ಬಂದು ಒದ್ದೆ ಬಾಗಿಲಿಗೆ ಮೆತ್ತಿಕೊಳ್ಳುತ್ತದೆ. ಹತ್ತು ಕಿಲೋಮೀಟರ್ ಹೋಗುವಷ್ಟರಲ್ಲಿ ತೊಳೆದ ಶ್ರಮ ಹಾಳು.

## ಬಿಳಿ ಕಲೆ ಎಲ್ಲಿಂದ ಬರುತ್ತದೆ?

ನೀರು ಆವಿಯಾಗುತ್ತದೆ, ನೀರಿನಲ್ಲಿ ಕರಗಿದ್ದ ಲವಣ ಆವಿಯಾಗುವುದಿಲ್ಲ. ಕೊಳವೆಬಾವಿ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಜಾಸ್ತಿ ಇದ್ದರೆ ಅದನ್ನು ಗಡಸು ನೀರು ಅನ್ನುತ್ತೇವೆ. ಬಿಸಿನೀರಿನ ಹಂಡೆಯ ಒಳಗೆ ಬಿಳಿ ಪದರ ಕಟ್ಟುತ್ತದಲ್ಲ, ಅದೇ ವಸ್ತು.

ನೀರಿನಲ್ಲಿ ಕರಗಿದ ಒಟ್ಟು ಲವಣವನ್ನು ಟಿಡಿಎಸ್ ಅಂತ ಅಳೆಯುತ್ತಾರೆ. ಭಾರತೀಯ ಮಾನಕ ಬ್ಯೂರೋ ಪ್ರಕಾರ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಸಿಗದ ಕಡೆ 2000ದವರೆಗೆ ಒಪ್ಪಬಹುದು. ನಿಮ್ಮ ವಾಟರ್ ಸರ್ವೀಸಿನ ನೀರಿನಲ್ಲಿ 1000 ಇದೆ ಅನ್ನಿ. ಲಾರಿಯ ಮೇಲಿನ 8 ಲೀಟರ್ ಅಲ್ಲೇ ಆರಿದರೆ 8 ಗ್ರಾಂ ಲವಣ ಬಣ್ಣದ ಮೇಲೆ ಉಳಿಯುತ್ತದೆ. ಒಂದೂವರೆ ಚಮಚ ಉಪ್ಪನ್ನು ಕಲಸಿ ಲಾರಿಗೆಲ್ಲ ಚಿಮುಕಿಸಿದ ಹಾಗೆ. ಅದೇ ನೀರಿನ ಹತ್ತರಲ್ಲಿ ಒಂಬತ್ತು ಪಾಲನ್ನು ಆರುವ ಮೊದಲೇ ತಳ್ಳಿಬಿಟ್ಟರೆ ಉಳಿಯುವುದು ಒಂದು ಗ್ರಾಂಗಿಂತ ಕಡಿಮೆ. ಹಿಂಡಿ ಒಣಗಿಸುವುದರಿಂದ ಸಮಯ ಉಳಿಯುವುದಷ್ಟೇ ಅಲ್ಲ, ಕಲೆಯೂ ಉಳಿಯುವುದಿಲ್ಲ.

ಬಿಸಿಲಿನಲ್ಲಿ ಕಾದ ತಗಡಿನ ಮೇಲೆ ಹನಿ ಆರಿದರೆ ಕಲೆ ಗಟ್ಟಿಯಾಗಿ ಕೂರುತ್ತದೆ. ಆದ್ದರಿಂದ ನೆರಳಿನಲ್ಲಿ ತೊಳೆದು, ನೆರಳಿನಲ್ಲೇ ನೀರು ತೆಗೆದು, ಕೊನೆಯ ತೇವ ಆರಲು ಮಾತ್ರ ಬಿಸಿಲಿಗೆ ತರುವುದು ಒಳ್ಳೆಯದು.

ಈ ಲೆಕ್ಕ ಬೆಂಗಳೂರಿನವರಿಗೆ ಈಗ ಜಾಸ್ತಿ ಬೇಕು. 2024ರ ಮಾರ್ಚ್‌ನ ನೀರಿನ ಬರದಲ್ಲಿ ಜಲಮಂಡಳಿ ವಾಹನ ತೊಳೆಯಲು ಕುಡಿಯುವ ನೀರು ಬಳಸಬಾರದು ಅಂತ ಆದೇಶ ಹೊರಡಿಸಿತು. ತಪ್ಪಿದರೆ 5000 ರೂಪಾಯಿ ದಂಡ. ಸಂಸ್ಕರಿಸಿದ ನೀರನ್ನು, ಮರುಬಳಕೆ ನೀರನ್ನು ಬಳಸುವುದು ಒಳ್ಳೆಯ ಕೆಲಸವೇ. ಆದರೆ ಒಂದೇ ನೀರನ್ನು ಸುತ್ತಿಸುತ್ತಾ ಹೋದಷ್ಟೂ ಅದರಲ್ಲಿ ಲವಣ ಸೇರುತ್ತಾ ಹೋಗುತ್ತದೆ. ಅಂಥ ನೀರಿನಲ್ಲಿ ತೊಳೆದಾಗ ಲಾರಿಯನ್ನು ತಾನಾಗಿ ಆರಲು ಬಿಡಲೇಬಾರದು.

## ಅರ್ಧ ಕೆಲಸ ಕೊನೆಯ ನೀರಿನಲ್ಲೇ ಇದೆ

ಒಣಗಿಸುವ ಕೆಲಸ ಬ್ಲೋವರ್ ಹಾಕಿದಾಗ ಶುರುವಾಗುವುದಿಲ್ಲ. ಕೊನೆಯ ಸಲ ನೀರು ಬಿಡುವಾಗಲೇ ಶುರುವಾಗುತ್ತದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಸ್ಟೀಲ್ ತಟ್ಟೆಯನ್ನು ಓರೆಯಾಗಿ ಹಿಡಿದು ಕೈಯಿಂದ ನೀರು ಚಿಮುಕಿಸಿ. ತಟ್ಟೆ ತುಂಬಾ ಹನಿ ನಿಲ್ಲುತ್ತದೆ. ಈಗ ಚೊಂಬಿನಿಂದ ಮೇಲಿನ ಅಂಚಿಗೆ ನಿಧಾನವಾಗಿ ನೀರು ಸುರಿಯಿರಿ. ನೀರೆಲ್ಲ ಒಂದೇ ಹಾಳೆಯ ಹಾಗೆ ಜಾರಿ, ಹಿಂದಿದ್ದ ಹನಿಗಳನ್ನೂ ಎಳೆದುಕೊಂಡು ಹೋಗುತ್ತದೆ. ನೀರಿನ ಕಣಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಒಡೆದು ಚಿಮುಕಿಸಿದರೆ ಒಂಟಿ ಹನಿಗಳು ತಗಡನ್ನು ಹಿಡಿಯುತ್ತವೆ. ಕೂಡಿಸಿ ಸುರಿದರೆ ಒಂದನ್ನೊಂದು ಹಿಡಿದು ಒಟ್ಟಿಗೆ ಇಳಿಯುತ್ತವೆ.

ಲಾರಿಗೂ ಹೀಗೇ ಮಾಡಬಹುದು. ಸೋಪು ಪೂರ್ತಿ ಹೋದ ಮೇಲೆ ಗನ್ ಬಿಚ್ಚಿಟ್ಟು, ಬರೀ ಪೈಪಿನ ಬಾಯಿಯನ್ನು ಬಾಡಿಯ ಮೇಲಂಚಿಗೆ ಹಿಡಿದು, ಕಡಿಮೆ ಒತ್ತಡದಲ್ಲಿ ನೀರು ಇಳಿಬಿಡುತ್ತಾ ನಿಧಾನವಾಗಿ ಮುಂದಿನಿಂದ ಹಿಂದಕ್ಕೆ ನಡೆಯಿರಿ. ನೀರು ಪರದೆಯ ಹಾಗೆ ಇಳಿದು ತಗಡು ಬರಿದಾಗುವುದು ಕಣ್ಣಿಗೇ ಕಾಣುತ್ತದೆ. ಒಂದು ರೂಪಾಯಿ ಖರ್ಚಿಲ್ಲದ ಕೆಲಸ ಇದು.

ಇನ್ನೊಂದು ದಾರಿ, ತಗಡಿಗೂ ನೀರಿಗೂ ಇರುವ ನಂಟನ್ನೇ ಕಡಿಮೆ ಮಾಡುವುದು. ಕೆಸುವಿನ ಎಲೆಯ ಮೇಲೆ ನೀರು ಹಾಕಿದರೆ ಮುತ್ತಿನ ಹಾಗೆ ಉರುಳಿ ಹೋಗುತ್ತದೆ, ಎಲೆ ಒದ್ದೆಯೇ ಆಗುವುದಿಲ್ಲ. ಎಲೆಯ ಮೇಲಿನ ಮೇಣ, ಕಣ್ಣಿಗೆ ಕಾಣದ ಅದರ ಉಬ್ಬುತಗ್ಗು ಇದಕ್ಕೆ ಕಾರಣ. ವ್ಯಾಕ್ಸ್ ಹಚ್ಚಿದ ಲಾರಿಯ ಮೇಲೂ ನೀರು ಹೀಗೆ ಗುಂಡಗಾಗುತ್ತದೆ. ದೊಡ್ಡ ವಾಷಿಂಗ್ ಕೇಂದ್ರಗಳಲ್ಲಿ ಕೊನೆಯ ನೀರಿಗೆ ಒಣಗಿಸುವ ದ್ರಾವಣವೊಂದನ್ನು ತುಸುವೇ ಬೆರೆಸುತ್ತಾರೆ. ಅದರ ಕಣಗಳು ಬಣ್ಣದ ಮೇಲ್ಮೈಗೆ ತೆಳ್ಳಗೆ ಅಂಟಿಕೊಂಡು ನೀರನ್ನು ದೂರ ತಳ್ಳುತ್ತವೆ. ಪೊರೆ ಒಡೆದು ಹನಿಯಾಗುತ್ತದೆ, ಹನಿ ಗಾಳಿಗೆ ಸಿಕ್ಕು ಓಡುತ್ತದೆ. ಒಂದು ಮಾತು ನೆನಪಿಡಿ. ಗುಂಡಗಿರುವ ಹನಿಯನ್ನು ತಳ್ಳುವುದು ಸುಲಭ. ಆದರೆ ತಳ್ಳದೆ ಹಾಗೇ ಬಿಟ್ಟರೆ ಪ್ರತಿ ಹನಿಯೂ ಒಂದು ಉರುಟು ಬಿಳಿ ಕಲೆ ಬಿಡುತ್ತದೆ. ವ್ಯಾಕ್ಸ್ ಹಚ್ಚಿದವರು ಗಾಳಿ ಹೊಡೆಯಲೇಬೇಕು.

ಆರ್‌ಒ ನೀರಿನಲ್ಲಿ ಕೊನೆಯ ಜಾಲಾಡು ಕೊಡುವವರೂ ಇದ್ದಾರೆ. ಲವಣವೇ ಇಲ್ಲದ ಮೇಲೆ ಕಲೆ ಎಲ್ಲಿಂದ ಬರಬೇಕು? ಖರ್ಚು ಹೆಚ್ಚು, ಆರ್‌ಒ ಯಂತ್ರ ಹೊರಬಿಡುವ ನೀರೂ ಹೆಚ್ಚು. ಆ ನೀರನ್ನು ಚಾಸಿ, ಚಕ್ರಗಳ ಮೊದಲ ತೊಳೆತಕ್ಕೆ ಬಳಸಿಕೊಂಡರೆ ಲೆಕ್ಕ ಸರಿಹೋಗುತ್ತದೆ.

## ಗಾಳಿ ಹೊಡೆಯುವುದು: ಬ್ಲೋವರೋ, ಕಂಪ್ರೆಸರೋ?

ಎರಡೂ ಗಾಳಿಯೇ. ಆದರೆ ಕೆಲಸ ಬೇರೆ ಬೇರೆ.

ಕಂಪ್ರೆಸರ್ ಸ್ವಲ್ಪ ಗಾಳಿಯನ್ನು ತುಂಬಾ ಒತ್ತಿ ಕೊಡುತ್ತದೆ. ಬ್ಲೋವರ್ ತುಂಬಾ ಗಾಳಿಯನ್ನು ಸ್ವಲ್ಪವೇ ಒತ್ತಿ ಕೊಡುತ್ತದೆ. ಊದುಕೊಳವೆಗೂ ಮೊರಕ್ಕೂ ಇರುವ ವ್ಯತ್ಯಾಸ ಅನ್ನಬಹುದು. ಬೂದಿಯ ಕೆಳಗಿನ ಒಂದು ಕೆಂಡ ಹೊತ್ತಿಸಲು ಊದುಕೊಳವೆ ಬೇಕು. ಕಣದಲ್ಲಿ ಹೊಟ್ಟು ತೂರಲು ಮೊರದ ಗಾಳಿ ಬೇಕು. 5 ಎಚ್‌ಪಿ ಕಂಪ್ರೆಸರ್ ನಿಮಿಷಕ್ಕೆ ಸುಮಾರು 20 ಘನ ಅಡಿ ಗಾಳಿ ಕೊಡುತ್ತದೆ. ಅದೇ 5 ಎಚ್‌ಪಿಯ ಬ್ಲೋವರ್ ಕೊಡುವ ಗಾಳಿ ಅದಕ್ಕಿಂತ ಹತ್ತಾರು ಪಟ್ಟು ಜಾಸ್ತಿ. 80 ಚದರ ಮೀಟರ್ ಬಾಡಿಯನ್ನು ಏರ್ ಗನ್ನಿನಲ್ಲಿ ಒಣಗಿಸುತ್ತೇನೆ ಅಂತ ಹೊರಟರೆ ಕೈ ಸೋಲುತ್ತದೆ, ಕರೆಂಟು ಬಿಲ್ಲೂ ಏರುತ್ತದೆ. ಗಾಳಿಯನ್ನು ಒತ್ತುವಾಗ ಕರೆಂಟಿನ ಬಹುಪಾಲು ಶಾಖವಾಗಿ ಹೋಗಿಬಿಡುತ್ತದೆ. ಆದ್ದರಿಂದ ಬಯಲಿನಂಥ ಬಾಡಿಗೆ ಬ್ಲೋವರ್, ಸಂದುಗೊಂದಿಗೆ ಏರ್ ಗನ್.

ಬ್ಲೋವರ್ ಗಾಳಿ ಎರಡು ಕೆಲಸ ಮಾಡುತ್ತದೆ. ಮೊದಲನೆಯದು ಹನಿಯನ್ನು ತಳ್ಳುವುದು. ಎರಡನೆಯದು ಅಷ್ಟು ಎದ್ದು ಕಾಣುವುದಿಲ್ಲ. ಒದ್ದೆ ಮೈಗೆ ಅಂಟಿಕೊಂಡು ತೆಳ್ಳಗಿನ ಒಂದು ಗಾಳಿಯ ಪದರ ಅಲುಗಾಡದೆ ನಿಂತಿರುತ್ತದೆ. ಅದರ ಸ್ಪಂಜು ಆಗಲೇ ತುಂಬಿರುತ್ತದೆ. ಬೀಸುಗಾಳಿ ಆ ಪದರವನ್ನು ಕಿತ್ತು ಹೊಸ ಗಾಳಿ ತಂದು ನಿಲ್ಲಿಸುತ್ತದೆ. ಮೋಡ ಕವಿದ ದಿನವೂ ಗಾಳಿ ಬೀಸಿದರೆ ಬಟ್ಟೆ ಒಣಗುತ್ತದಲ್ಲ, ಅದೇ ಇದು.

ಹಿಡಿಯುವ ರೀತಿ ಮುಖ್ಯ. ಕೊಳವೆಯಿಂದ ಹೊರಬಂದ ಗಾಳಿ ದೂರ ಹೋದಂತೆ ಬಹಳ ಬೇಗ ದುರ್ಬಲವಾಗುತ್ತದೆ. ಬಾಯಿಯನ್ನು ತಗಡಿಗೆ ಒಂದು ಗೇಣು ದೂರದಲ್ಲಿ ಹಿಡಿಯಬೇಕು. ನೇರವಾಗಿ ಹೊಡೆದರೆ ಹನಿ ಎಲ್ಲ ದಿಕ್ಕಿಗೂ ಚೆಲ್ಲುತ್ತದೆ. ಓರೆಯಾಗಿ, ಮೇಲಿನಿಂದ ಕೆಳಕ್ಕೆ ಗುಡಿಸಿದ ಹಾಗೆ ಹೊಡೆಯಬೇಕು. ಯಂತ್ರಗಳೇ ತೊಳೆಯುವ ದೊಡ್ಡ ಕೇಂದ್ರಗಳಲ್ಲಿ ಉದ್ದನೆಯ ಸಪೂರ ಸೀಳಿನಿಂದ ಗಾಳಿ ಹೊರಬರುವ ಹಾಗೆ ಮಾಡಿರುತ್ತಾರೆ. ಅದನ್ನು ಏರ್ ನೈಫ್ ಅನ್ನುತ್ತಾರೆ, ಗಾಳಿಯ ಚಾಕು. ಲಾರಿ ಅದರ ಕೆಳಗೆ ನಿಧಾನವಾಗಿ ಹಾದುಹೋದರೆ ವೈಪರ್ ಎಳೆದ ಹಾಗೆ ನೀರು ಹಿಂದಕ್ಕೆ ಸರಿಯುತ್ತದೆ. ಚಪ್ಪಟೆ ಕಂಟೇನರಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಕನ್ನಡಿ, ಏಣಿ, ಹಗ್ಗದ ಕೊಂಡಿ ಇರುವ ಕಡೆ ಮನುಷ್ಯನ ಕೈಯೇ ಬೇಕು.

ಕೆಲವು ಡ್ರೈವರುಗಳು ಲಾರಿಯದೇ ಬ್ರೇಕ್ ಟ್ಯಾಂಕಿನ ಗಾಳಿಗೆ ಪೈಪ್ ಹಾಕಿ ಹೊಡೆಯುತ್ತಾರೆ. ಕ್ಯಾಬಿನ್ನಿನ ಧೂಳು ತೆಗೆಯಲು ಪರವಾಗಿಲ್ಲ, ಬಾಡಿ ಒಣಗಿಸಲು ಅಷ್ಟು ಗಾಳಿ ಅಲ್ಲಿಲ್ಲ. ಬಳಸಿದರೆ ಹೊರಡುವ ಮೊದಲು ಮೀಟರಿನ ಮುಳ್ಳು ಪೂರ್ತಿ ಏರಿದೆಯಾ ನೋಡಿಕೊಳ್ಳಲೇಬೇಕು. ಅದು ಬ್ರೇಕಿನ ಗಾಳಿ.

ಇನ್ನೊಂದನ್ನು ಕಳಕಳಿಯಿಂದ ಹೇಳುತ್ತೇನೆ. ಏರ್ ಗನ್ನನ್ನು ಮೈಮೇಲಿನ ಬಟ್ಟೆ ಒಣಗಿಸಿಕೊಳ್ಳಲು, ತಮಾಷೆಗೆ ಇನ್ನೊಬ್ಬರ ಮೇಲೆ ಹಿಡಿಯಲು ಯಾವತ್ತೂ ಬಳಸಬೇಡಿ. ಒತ್ತಿದ ಗಾಳಿ ಕಿವಿಯ ತಮಟೆ ಒಡೆಯುತ್ತದೆ, ಗಾಯದ ಮೂಲಕ ಚರ್ಮದೊಳಗೆ ನುಗ್ಗುತ್ತದೆ. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮದಲ್ಲಿ ಸ್ವಚ್ಛ ಮಾಡಲು ಬಳಸುವ ಗಾಳಿಯ ಒತ್ತಡ 30 ಪಿಎಸ್‌ಐಗಿಂತ ಕಡಿಮೆ ಇರಬೇಕು ಅಂತಲೇ ಬರೆದಿದೆ. ಒದ್ದೆ ನೆಲದ ಮೇಲೆ ಕರೆಂಟಿನ ಬ್ಲೋವರ್ ಓಡಿಸುವ ಜಾಗದಲ್ಲಿ ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಸ್ವಿಚ್ ಇಲ್ಲದೆ ಕೆಲಸ ಮಾಡಬಾರದು.

## ವೈಪರ್ ಮತ್ತು ಬಟ್ಟೆ

ಬ್ಲೋವರ್ ಇಲ್ಲದ ಸಣ್ಣ ವಾಟರ್ ಸರ್ವೀಸಿಗೆ ಉದ್ದ ಕೋಲಿನ ರಬ್ಬರ್ ವೈಪರ್‌ಗಿಂತ ವೇಗದ ಸಾಧನ ಇಲ್ಲ. ಎರಡಡಿ ಅಗಲದ ವೈಪರ್ ಹಿಡಿದು ಇಬ್ಬರು ಎರಡು ಪಕ್ಕ ಶುರು ಮಾಡಿದರೆ ಕಂಟೇನರ್ ಬಾಡಿ ಕೆಲವೇ ನಿಮಿಷದ ಕೆಲಸ. ರಬ್ಬರಿನ ಅಂಚಿಗೆ ಮರಳಿನ ಕಣ ಸಿಕ್ಕಿಕೊಂಡರೆ ಮಾತ್ರ ಬಣ್ಣದ ಮೇಲೆ ಉದ್ದಕ್ಕೆ ಗೀರು ಬೀಳುತ್ತದೆ. ಎರಡು ಮೂರು ಎಳೆತಕ್ಕೊಮ್ಮೆ ಅಂಚನ್ನು ಒರೆಸಿಕೊಳ್ಳಬೇಕು.

ಉಳಿದ ತೇವಕ್ಕೆ ಮೈಕ್ರೋಫೈಬರ್ ಬಟ್ಟೆ. ಇದರ ಎಳೆ ಕೂದಲಿಗಿಂತ ಎಷ್ಟೋ ಸಪೂರ. ಎಳೆಗಳ ನಡುವಿನ ಸಾವಿರಾರು ಸಣ್ಣ ಸಂದುಗಳು, ದೀಪದ ಬತ್ತಿ ಎಣ್ಣೆ ಎಳೆದುಕೊಳ್ಳುವ ಹಾಗೆ ನೀರನ್ನು ಎಳೆದುಕೊಳ್ಳುತ್ತವೆ. ಹಳೇ ಲುಂಗಿ, ಬನಿಯನ್ ಬಟ್ಟೆ ನೀರನ್ನು ಹೀರುವುದಕ್ಕಿಂತ ಜಾಸ್ತಿ ಹರಡುತ್ತವೆ.

## ನೀರು ಅಡಗುವ ಜಾಗಗಳು

ಈಗ ಆ ಕನ್ನಡಿಯ ಕಂಬಿಗೆ ಬರೋಣ. ಕಂಬಿ ಅಂದರೆ ಟೊಳ್ಳು ಪೈಪು. ಅದು ಬಾಡಿಗೆ ಸೇರುವ ಜಾಗದಲ್ಲಿ ರಬ್ಬರ್ ವಾಷರ್, ಅದರ ಹಿಂದೆ ಕೂದಲೆಳೆಯಷ್ಟು ಸಂದು. ಪ್ರೆಶರ್ ಗನ್ ಹೊಡೆದಾಗ ನೀರು ಅಲ್ಲಿ ನುಗ್ಗಿ ಕೂರುತ್ತದೆ. ಸಂದು ಕಿರಿದಾದಷ್ಟೂ ನೀರನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಎಂಜಿನ್ ಚಾಲೂ ಮಾಡಿದಾಗ ಕ್ಯಾಬಿನ್ ನಡುಗುತ್ತದೆ, ಆಗ ಒಂದೊಂದೇ ಹನಿ ಹೊರಬರುತ್ತದೆ. ರಿವೆಟ್ ತಲೆ, ಬಾಗಿಲ ಹಿಂಜ್, ರಬ್ಬರ್ ಬೀಡಿಂಗ್, ಲೈಟಿನ ಅಂಚು, ನಂಬರ್ ಪ್ಲೇಟಿನ ಹಿಂಭಾಗ, ಎಲ್ಲ ಕಡೆ ಇದೇ ಕಥೆ. ಏರ್ ಗನ್ನಿನ ನಿಜವಾದ ಜಾಗ ಇವು. ಎಂಜಿನ್ ಚಾಲೂ ಮಾಡಿ ಎರಡು ನಿಮಿಷ ನಡುಗಲು ಬಿಟ್ಟು, ಬಾಗಿಲುಗಳನ್ನು ಒಂದೆರಡು ಸಲ ತೆಗೆದು ಹಾಕಿ, ಆಮೇಲೆ ಈ ಸಂದುಗಳಿಗೆ ಗಾಳಿ ಹೊಡೆದರೆ ನೀರು ಬಚ್ಚಿಟ್ಟುಕೊಳ್ಳಲು ಜಾಗ ಸಿಗುವುದಿಲ್ಲ.

ಚಾಸಿಯ ಒಳಮೈಯಲ್ಲಿ ಕೆಸರು ಕೂತಿದ್ದರೆ ಅದು ಒದ್ದೆ ಹಿಟ್ಟಿನ ಹಾಗೆ ದಿನಗಟ್ಟಲೆ ತೇವ ಹಿಡಿದಿರುತ್ತದೆ. ತುಕ್ಕಿಗೆ ಬೇಕಾಗಿರುವುದು ನೀರು ಮತ್ತು ಆಮ್ಲಜನಕ. ಕರಾವಳಿಯ ಉಪ್ಪುಗಾಳಿ ಸೇರಿದರೆ ಅದು ಇನ್ನೂ ಚುರುಕಾಗುತ್ತದೆ. ಕೆಸರು ಪೂರ್ತಿ ಹೋಗುವ ತನಕ ತೊಳೆಯದಿದ್ದರೆ ಮೇಲೆ ಎಷ್ಟು ಒಣಗಿಸಿಯೂ ಪ್ರಯೋಜನ ಇಲ್ಲ. ಚಾಸಿ ಒಣಗುವ ಮೊದಲೇ ಹಳೇ ಆಯಿಲ್, ಡೀಸೆಲ್ ಸ್ಪ್ರೇ ಮಾಡಿಸುವ ರೂಢಿ ಕೆಲವರಿಗಿದೆ. ಎಣ್ಣೆಯ ಕೆಳಗೆ ನೀರು ಸಿಕ್ಕಿಕೊಳ್ಳುತ್ತದೆ, ರಬ್ಬರ್ ಬುಷ್, ಪೈಪುಗಳೂ ಕೆಡುತ್ತವೆ. ಅದರ ಬದಲು ತೊಳೆದ ಮೇಲೆ ಗ್ರೀಸ್ ಹೊಡೆಸಿ. ಹೊಸ ಗ್ರೀಸ್ ಒಳಗೆ ಹೋದಾಗ ಪಿನ್ನುಗಳ ಸಂದಿನ ನೀರು ಹಳೇ ಗ್ರೀಸಿನ ಜೊತೆ ಹೊರಗೆ ಬರುವುದು ಕಾಣುತ್ತದೆ.

2020ರ ಏಪ್ರಿಲ್‌ನಿಂದ ಬಂದಿರುವ, ಹೊಗೆ ನಿಯಂತ್ರಣದ ಬಿಎಸ್-6 ಮಾನದಂಡದ ಲಾರಿಗಳಲ್ಲಿ ಸೆನ್ಸರ್, ವೈರಿಂಗ್ ಕನೆಕ್ಟರ್ ಜಾಸ್ತಿ. ಅವುಗಳ ಹತ್ತಿರ ಪ್ರೆಶರ್ ಗನ್ ಒಯ್ಯದಿರುವುದೇ ಒಳ್ಳೆಯದು. ನೀರು ಬಿದ್ದಿದ್ದರೆ ಕಡಿಮೆ ಒತ್ತಡದ ಗಾಳಿಯಲ್ಲಿ ಒಣಗಿಸಿ.

ಛಾವಣಿಯ ನೀರಿಗೆ ಸುಲಭದ ಉಪಾಯ ಇಳಿಜಾರು. ಮೂತಿ ಸ್ವಲ್ಪ ಮೇಲಿರುವ ಹಾಗೆ ನಿಲ್ಲಿಸಿದರೆ ನೀರು ಹಿಂದಕ್ಕೆ ಹರಿದುಹೋಗುತ್ತದೆ. ಸಮತಟ್ಟಾದ ಜಾಗವಾದರೆ ಆವರಣದೊಳಗೇ ಮೆಲ್ಲಗೆ ಹಿಂದೆ ಮುಂದೆ ಚಲಿಸಿ ಎರಡು ಸಲ ಬ್ರೇಕ್ ಹಾಕಿ. ಉಳಿದ ನೀರು ಅಲ್ಲೇ ಸುರಿಯಲಿ, ಆಮೇಲೆ ಪಕ್ಕಗಳನ್ನು ಒರೆಸಿ. ಮೊದಲು ಪಕ್ಕ ಒರೆಸಿ ಆಮೇಲೆ ಛಾವಣಿಗೆ ಬಂದರೆ ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕಾಗುತ್ತದೆ.

## ಒಳಗೆ ಒದ್ದೆ ಇದ್ದರೆ

ಹೊರಗಿನ ತೇವದಿಂದ ಅಂದ ಕೆಡುತ್ತದೆ. ಒಳಗಿನ ತೇವದಿಂದ ಮಾಲು ಕೆಡುತ್ತದೆ.

ಹಡಗಿಗೆ ಹೋಗುವ ಕಂಟೇನರುಗಳ ನೆಲ ಸಾಮಾನ್ಯವಾಗಿ 28 ಮಿಲಿಮೀಟರ್ ದಪ್ಪದ ಪ್ಲೈವುಡ್. ತೊಳೆದ ಮೇಲೆ ಮೇಲ್ಭಾಗ ಬೇಗ ಒಣಗಿ ಕಾಣುತ್ತದೆ, ಒಳಗೆ ಕುಡಿದ ನೀರು ಹಾಗೇ ಇರುತ್ತದೆ. ಚಿಕ್ಕಮಗಳೂರು, ಕೊಡಗಿನ ಕಾಫಿ ಬೀಜ ಇಂಥ ಕಂಟೇನರಿನಲ್ಲಿ ಮಂಗಳೂರು ಬಂದರಿನಿಂದ ಹೊರಡುತ್ತದೆ. ಹಗಲು ಬಿಸಿಲಿಗೆ ಕಾದಾಗ ನೆಲದ ತೇವ, ಬೀಜದೊಳಗಿನ ತೇವ ಆವಿಯಾಗಿ ಮೇಲೇರುತ್ತದೆ. ರಾತ್ರಿ ಛಾವಣಿಯ ತಗಡು ತಣ್ಣಗಾದಾಗ ಆ ಆವಿ ಹನಿಗಟ್ಟಿ ಮೂಟೆಗಳ ಮೇಲೆ ತೊಟ್ಟಿಕ್ಕುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳದಿಂದ ನೀರು ಬಿದ್ದ ಹಾಗೆ. ಈ ವ್ಯಾಪಾರದಲ್ಲಿ ಇರುವವರು ಇದನ್ನು ಕಂಟೇನರ್ ಮಳೆ ಅನ್ನುತ್ತಾರೆ. ತಿಂಗಳುಗಟ್ಟಲೆ ಆರೈಕೆ ಮಾಡಿ ಒಣಗಿಸಿದ ಬೀಜಕ್ಕೆ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಒಳಗೆ ನೀರು ಕಡಿಮೆ ಬಳಸಿ, ವೈಪರ್‌ನಿಂದ ಹೊರತಳ್ಳಿ, ಎರಡೂ ಬಾಗಿಲು ಪೂರ್ತಿ ತೆಗೆದು ಫ್ಯಾನ್ ಇಡಬೇಕು. ಬಾಗಿಲಲ್ಲಿ ನಿಂತು ಒಳಕ್ಕೆ ಊದುವುದಕ್ಕಿಂತ ಫ್ಯಾನನ್ನು ಒಳತುದಿಯಲ್ಲಿಟ್ಟು ಬಾಗಿಲ ಕಡೆಗೆ ತಿರುಗಿಸಿದರೆ ತೇವದ ಗಾಳಿ ಹೊರಗೆ ಹೋಗುತ್ತದೆ. ಹೊರಗೆ ಮಳೆ ಸುರಿಯುತ್ತಿದ್ದರೆ ಮಾತ್ರ ಇದು ಕೆಲಸ ಮಾಡುವುದಿಲ್ಲ. ಆಗ ಗಾಳಿಯನ್ನು ಬಿಸಿ ಮಾಡಬೇಕು, ಅಂದರೆ ಸ್ಪಂಜನ್ನು ದೊಡ್ಡದು ಮಾಡಬೇಕು.

ಅಡುಗೆ ಎಣ್ಣೆಯ ಟ್ಯಾಂಕರ್ ಒಳಗೆ ನೀರು ಉಳಿದರೆ ಎಣ್ಣೆಯೇ ಕೆಡುತ್ತದೆ, ಬೇಗ ಕಮಟು ಬರುತ್ತದೆ. ಟ್ಯಾಂಕರ್ ಒಣಗಿಸುವಾಗ ಶಾಖ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಬಿಸಿನೀರಿನಲ್ಲೋ ಹಬೆಯಲ್ಲೋ ತೊಳೆದಾಗ ಸ್ಟೀಲಿನ ಗೋಡೆಯೇ ಕಾದಿರುತ್ತದೆ. ನೀರು ಪೂರ್ತಿ ಬಸಿದು, ಬಿಸಿ ಆರುವ ಮೊದಲೇ ಒಣಗಾಳಿ ಹಾಯಿಸಿದರೆ ಗೋಡೆಯ ಶಾಖವೇ ಉಳಿದ ತೇವವನ್ನು ಆವಿ ಮಾಡುತ್ತದೆ. ಬಿಸಿ ಅನ್ನದ ಪಾತ್ರೆಯನ್ನು ಬಿಸಿನೀರಲ್ಲಿ ತೊಳೆದು ಬೋರಲು ಹಾಕಿದರೆ ತಾನಾಗಿ ಒಣಗುವ ಹಾಗೆ.

ಒಳಗಿಳಿದು ಒರೆಸೋಣ ಅಂತ ಮಾತ್ರ ಯಾರೂ ಇಳಿಯಬಾರದು. ಮಾಮೂಲಿ ಗಾಳಿಯಲ್ಲಿ ಆಮ್ಲಜನಕ ಶೇ 20.9. ಅದು 19.5ಕ್ಕಿಂತ ಕೆಳಗಿಳಿದರೆ ಅಪಾಯ, ಮತ್ತು ಅದು ಕಣ್ಣಿಗೂ ಮೂಗಿಗೂ ತಿಳಿಯುವುದಿಲ್ಲ. ಒಳಗೆ ಬಿದ್ದವನನ್ನು ಎತ್ತಲು ಹೋದ ಇನ್ನೊಬ್ಬನೂ ಬೀಳುತ್ತಾನೆ. ಗಾಳಿ ಹಾಯಿಸಿ, ಮೀಟರಿನಲ್ಲಿ ಅಳೆದು, ಹಗ್ಗ ಕಟ್ಟಿಕೊಂಡು, ಮೇಲೆ ಒಬ್ಬರನ್ನು ಕಾಯಲು ನಿಲ್ಲಿಸದೆ ಟ್ಯಾಂಕರಿನೊಳಗೆ ಕಾಲಿಡಬೇಡಿ, ಕ್ಲೀನರ್ ಹುಡುಗನನ್ನು ಕಳಿಸಲೂಬೇಡಿ.

## ಹೊರಡುವ ಮೊದಲು ಬ್ರೇಕು

ಎಲ್ಲ ಒಣಗಿದ ಮೇಲೂ ಒದ್ದೆಯಾಗೇ ಉಳಿಯುವುದು ಬ್ರೇಕ್ ಡ್ರಮ್. ಲೈನರಿಗೂ ಡ್ರಮ್ಮಿಗೂ ನಡುವೆ ನೀರಿನ ಪೊರೆ ಇದ್ದರೆ ಹಿಡಿತ ಸಿಗುವುದಿಲ್ಲ, ಒಂದು ಕಡೆ ಹಿಡಿದು ಇನ್ನೊಂದು ಕಡೆ ಜಾರಿದರೆ ಲಾರಿ ಪಕ್ಕಕ್ಕೆ ಎಳೆಯುತ್ತದೆ. ಇಲ್ಲಿಗೆ ಬಟ್ಟೆಯೂ ತಲುಪುವುದಿಲ್ಲ, ಬ್ಲೋವರೂ ತಲುಪುವುದಿಲ್ಲ. ಇದನ್ನು ಶಾಖದಿಂದಲೇ ಒಣಗಿಸಬೇಕು, ಆ ಶಾಖವನ್ನು ಬ್ರೇಕೇ ಕೊಡುತ್ತದೆ. ಖಾಲಿ ಜಾಗದಲ್ಲಿ ನಿಧಾನವಾಗಿ ಓಡಿಸುತ್ತಾ ಪೆಡಲನ್ನು ಹಗುರವಾಗಿ ಹಲವು ಸಲ ಒತ್ತಿ. ಉಜ್ಜಿದ ಬಿಸಿಗೆ ನೀರು ಆರುತ್ತದೆ, ಹಿಡಿತ ಮೊದಲಿನಂತೆ ಬಂದದ್ದು ಕಾಲಿಗೇ ಗೊತ್ತಾಗುತ್ತದೆ. ಹಬ್ಬಕ್ಕೆ ತೊಳೆದು ಮೂರು ದಿನ ನಿಲ್ಲಿಸುವ ಲಾರಿಗೂ ಇದು ಬೇಕು. ಒದ್ದೆ ಡ್ರಮ್ಮಿನ ಮೇಲೆ ಹ್ಯಾಂಡ್ ಬ್ರೇಕ್ ಎಳೆದು ಬಿಟ್ಟರೆ ತುಕ್ಕು ಹಿಡಿದು ಲೈನರ್ ಡ್ರಮ್ಮಿಗೇ ಕಚ್ಚಿಕೊಳ್ಳುತ್ತದೆ. ಬ್ರೇಕ್ ಒಣಗಿಸಿ ತಂದು, ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರದ ಹಿಂದೆ ಮುಂದೆ ಮರದ ತುಂಡು ಅಡ್ಡ ಕೊಟ್ಟು, ಕನ್ನಡಿಯ ಕಂಬಿಯನ್ನು ಇನ್ನೊಮ್ಮೆ ಒರೆಸಿ. ವಿಭೂತಿ ಆಮೇಲೆ ಹಚ್ಚಿ.